ಅಪ್ರಾಪ್ತ ಗಂಡು, ಏಳು ಜಾಡಿ

ಪ್ರಬಂಧ ಮೂರನೇ ಸಲ ವಾಪಸು ಬಂತು. ಜೇಡದ ಮೇಡಂ ಕಂಪ್ಯೂಟರಿನಲ್ಲಿ ವಿಜ್ಞಾನ ಪತ್ರಿಕೆಯ ಸಂಪಾದಕರ ಪತ್ರ ತೆರೆದಳು, ಕೊನೆಯ ಸಾಲಿನ ಮೇಲೆ ಕಣ್ಣು ಹಾಯಿಸಿದಳು, ಮುಚ್ಚಿದಳು. ಪೂರ್ತಿ ಓದುವುದಕ್ಕೇನಿತ್ತು? ಮೊದಲ ಸಲವೇ ಬಾಯಿಪಾಠವಾಗಿದ್ದ ಮಾತು. ಒಂದೇ ಒಂದು ಗಂಡು ಜೇಡವನ್ನು ನಂಬಿ ಹೊಸ ಪ್ರಭೇದವೆಂದು ಒಪ್ಪಲಾಗದು, ಹೆಣ್ಣನ್ನೂ ವಿವರಿಸಿ ಕಳಿಸಿ.

"ಹೆಣ್ಣು, ಹೆಣ್ಣು, ಹೆಣ್ಣು! ಮದುವೆ ದಲ್ಲಾಳಿ ಹತ್ರಾನೂ ಯಾರೂ ಇಷ್ಟು ಸಲ ಹೆಣ್ಣು ಕೇಳಿರಲ್ಲ," ಎಂದು ಕಪಾಟಿನ ಜಾಡಿಗಳಿಗೆ ಕೇಳುವಂತೆ ಗೊಣಗಿದಳು.

ಜಾಡಿಗಳಲ್ಲದೆ ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ವಸ್ತುಸಂಗ್ರಹಾಲಯದ ನೆಲಮಾಳಿಗೆಯ ಆ ಕೋಣೆಗೆ ಇರುವುದೊಂದೇ ಕಿಟಕಿ, ಅದೂ ಸೂರಿಗೆ ತಾಗಿಕೊಂಡು. ಅದರಲ್ಲಿ ಬೀದಿಯಲ್ಲಿ ಹೋಗುವವರ ಚಪ್ಪಲಿ, ಬೂಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಊರಿನವರ ಮುಖಕ್ಕಿಂತ ಹಿಮ್ಮಡಿಯನ್ನೇ ಹೆಚ್ಚು ನೋಡಿದ್ದಳು. ಸುತ್ತ ನಾಲ್ಕು ಗೋಡೆಗೂ ಕಪಾಟು. ಕಪಾಟಿನ ತುಂಬ ಆಲ್ಕೋಹಾಲಿನಲ್ಲಿ ಮುಳುಗಿದ ಜೇಡಗಳು. ಒಂದೊಂದು ಜಾಡಿಯೊಳಗೂ ಒಂದು ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಗಂಡೋ ಹೆಣ್ಣೋ, ಯಾವ ಪ್ರಭೇದ, ಗುರುತಿಸಿದವರು ಯಾರು.

ಈ ಚೀಟಿಗಳಿಗೆ ಒಂದು ನಿಯಮವಿದೆ. ಒಮ್ಮೆ ಜಾಡಿಗೆ ಬಿದ್ದ ಚೀಟಿಯನ್ನು ಯಾರೂ ಹೊರಗೆ ತೆಗೆದು ಬಿಸಾಡುವಂತಿಲ್ಲ. ಬರೆದದ್ದು ತಪ್ಪೆಂದು ಆಮೇಲೆ ತಿಳಿದರೆ ಸರಿಯಾದ ಚೀಟಿಯನ್ನು ಅದರ ಪಕ್ಕದಲ್ಲೇ ಇಳಿಬಿಡಬೇಕು. ಹೀಗಾಗಿ ಇಲ್ಲಿ ಯಾರು ಎಡವಿದರೂ ಎಡವಿದ್ದು ಹೆಸರು, ತಾರೀಖು ಸಮೇತ ನೂರು ವರ್ಷ ಉಳಿಯುತ್ತದೆ. ಬೇಸರವಾದಾಗ ಹಳೆಯ ಜಾಡಿ ಇಳಿಸಿ, ಹಿಂದಿನ ದೊಡ್ಡ ದೊಡ್ಡ ವಿದ್ವಾಂಸರ ತಪ್ಪು ಚೀಟಿ ಓದಿ ನಗುವುದು ಜೇಡದ ಮೇಡಂಗೆ ಇಷ್ಟದ ಕೆಲಸ. 'ಪಾಪ, ಇವರಿಗೆ ಕಣ್ಣಿರಲಿಲ್ಲವೇನೋ' ಎಂದುಕೊಳ್ಳುತ್ತಿದ್ದಳು. ಅವಳ ಕೈಬರಹದ ಚೀಟಿಯ ಪಕ್ಕದಲ್ಲಿ ಇಲ್ಲಿಯವರೆಗೆ ಇನ್ನೊಂದು ಚೀಟಿ ಬಿದ್ದಿರಲಿಲ್ಲ. ಅದರ ಬಗ್ಗೆ ಅವಳಿಗೆ ಕೊಂಚ ಜಂಬವೂ ಇತ್ತು ಎನ್ನಿ.

ಆ ಒಂದೇ ಒಂದು ಗಂಡು ಸಿಕ್ಕಿ ಹತ್ತು ವರ್ಷವಾಗಿತ್ತು. ದೂರದ ಬೆಟ್ಟವೊಂದರ ಕಾಲುದಾರಿಯಲ್ಲಿ, ಮೊದಲ ಮಳೆ ನಿಂತ ಸಂಜೆ, ಅಂಗೈಯಗಲದ ಟರಂಟುಲಾ ಜೇಡವೊಂದು ಯಾರ ಹಂಗೂ ಇಲ್ಲದೆ ನಡೆದು ಹೋಗುತ್ತಿತ್ತು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಇದ್ದಬದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದಳು. ಅದರಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮರುವರ್ಷದಿಂದ ಹೆಣ್ಣಿನ ಹುಡುಕಾಟ. ಅದೇ ಇಳಿಜಾರಿನ ಬಿಲಗಳಿಂದ ವರ್ಷಕ್ಕೊಂದರಂತೆ ಏಳು ಜೇಡ ತಂದಳು. ಹೆಣ್ಣು ಟರಂಟುಲಾದ ಹೊಟ್ಟೆಯೊಳಗೆ ಗಂಡಿನ ಬೀಜವನ್ನು ಕೂಡಿಟ್ಟುಕೊಳ್ಳುವ ಒಂದು ಪುಟ್ಟ ಚೀಲ ಇರುತ್ತದೆ. ಅದರ ಆಕಾರದಿಂದಲೇ ಪ್ರಭೇದ ಗೊತ್ತಾಗುತ್ತದೆ. ಚೀಲ ಇದ್ದರೆ ಹೆಣ್ಣು, ಇಲ್ಲದಿದ್ದರೆ ಗಂಡು. ಏಳರಲ್ಲೂ ಚೀಲವಿರಲಿಲ್ಲ, ಬೆಳೆದ ಗಂಡಿನ ಗುರುತುಗಳೂ ಇರಲಿಲ್ಲ. ಏಳು ಜಾಡಿಗೂ ಅವಳು ತನ್ನ ಮುತ್ತಿನಂಥ ಅಕ್ಷರದಲ್ಲಿ ಒಂದೇ ಚೀಟಿ ಬರೆದಳು: ಅಪ್ರಾಪ್ತ ಗಂಡು.

ಮಧ್ಯಾಹ್ನ ನಿರ್ದೇಶಕರು ಮೆಟ್ಟಿಲಿಳಿದು ಬಂದರು. ಅವರು ನೆಲಮಾಳಿಗೆಗೆ ಬಂದರೆ ಸುದ್ದಿ ಒಳ್ಳೆಯದಿರುವುದಿಲ್ಲ ಎಂಬುದು ಕಚೇರಿಗೆಲ್ಲ ಗೊತ್ತು.

"ನಿಮ್ಮ ಬೆಟ್ಟಕ್ಕೆ ರಸ್ತೆ ಮಾಡ್ತಾರಂತೆ," ಎಂದು ಒಂದು ಕಾಗದ ಮುಂದೆ ಹಿಡಿದರು. "ಅಲ್ಲಿ ಮಾತ್ರ ಬದುಕೋ ಜೀವ ಏನಾದ್ರೂ ಇದ್ರೆ ತಿಂಗಳ ಕೊನೆ ಒಳಗೆ ಪಟ್ಟಿ ಕೊಡಿ ಅಂತ ಪರಿಸರ ಸಮಿತಿಯವರು ಕೇಳಿದ್ದಾರೆ."

"ಇದೆಯಲ್ಲ ಸರ್! ನನ್ನ ಜೇಡ!"

"ಹೆಸರೇನು ಅದಕ್ಕೆ?"

ಅವಳು ವಾಪಸು ಬಂದ ಪ್ರಬಂಧವಿದ್ದ ಕಂಪ್ಯೂಟರಿನ ಕಡೆ ನೋಡಿದಳು.

"ಅದೇ ತೊಂದರೆ ನೋಡಿ. ಒಂದು ಗಂಡು, ಏಳು ಅಪ್ರಾಪ್ತ ಗಂಡು ಅಂತ ಬರೆದು ಕೊಟ್ಟರೆ ನಗ್ತಾರೆ. ಪತ್ರಿಕೆಯವರು ಒಪ್ಪಿದ ಹೆಸರು ಬೇಕು. ಹೆಸರೇ ಇಲ್ಲದ್ದನ್ನ ಉಳಿಸಿ ಅಂತ ಯಾರ ಹತ್ರ ಕೇಳೋದು?" ನಿರ್ದೇಶಕರು ನಿಜಕ್ಕೂ ನೊಂದುಕೊಂಡೇ ಹೇಳಿದರು. ಅದು ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಬೈಯುವುದಕ್ಕಾದರೂ ಒಬ್ಬ ಕೆಟ್ಟವನು ಬೇಕಲ್ಲ.

ತಿಂಗಳು ಮುಗಿಯಲು ಇಪ್ಪತ್ತಾರು ದಿನ ಉಳಿದಿತ್ತು. ಒಂಬತ್ತು ವರ್ಷ ಸಿಗದ ಹೆಣ್ಣು ಇಪ್ಪತ್ತಾರು ದಿನದಲ್ಲಿ ಎಲ್ಲಿಂದ ಬರಬೇಕು?

ಮನೆಗೆ ಬಂದಾಗ ಅಪ್ಪ ಕಿಟಕಿಯ ಬಳಿ ಕೂತು ಯಾರದೋ ಕೈಗಡಿಯಾರ ಬಿಚ್ಚಿಕೊಂಡಿದ್ದ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಎಂಟು ವರ್ಷವಾದರೂ ಅಕ್ಕಪಕ್ಕದವರ ಗಡಿಯಾರಗಳಿಗೆ ಅವನಿಂದ ಬಿಡುಗಡೆ ಇರಲಿಲ್ಲ. ಎಡಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಕೇಳಿದ, "ಏನಮ್ಮ, ಮುಖ ಯಾಕೆ ಹಿಂಗೆ ಗಂಟು ಹಾಕ್ಕೊಂಡಿದ್ದೀಯ? ಮತ್ತೆ ವಾಪಸ್ ಬಂತಾ?"

"ಬಂತು."

"ಹೋಗ್ಲಿ ಬಿಡು. ಅಳಿಯಂದ್ರಿಗೆ ಊಟ ಹಾಕು. ಬೆಳಿಗ್ಗೆಯಿಂದ ಮುಖ ತಿರುಗಿಸ್ಕೊಂಡು ಕೂತಿದ್ದಾರೆ."

ಅಳಿಯಂದಿರು ಎಂದರೆ ಬೇರೆ ಯಾರೂ ಅಲ್ಲ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ಜೇಡ. ಒಂಬತ್ತು ವರ್ಷದ ಹಿಂದೆ ನಾಣ್ಯದಷ್ಟಿದ್ದ ಮರಿಯನ್ನು ಹೆಣ್ಣಾಗಲಿ ಎಂಬ ಆಸೆಯಿಂದ ಬೆಟ್ಟದಿಂದ ತಂದಿದ್ದಳು. ಜೇಡ ಬೆಳೆದಂತೆಲ್ಲ ಪೊರೆ ಕಳಚುತ್ತದೆ. ಕಳಚಿದ ಪೊರೆಯಲ್ಲಿ ಹೊಟ್ಟೆಯೊಳಗಿನ ಚೀಲದ ಅಚ್ಚೂ ಬರುತ್ತದೆ. ಮೊದಲ ದೊಡ್ಡ ಪೊರೆಯನ್ನು ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ ನೆನೆಸಿ, ಬಿಡಿಸಿ ನೋಡಿದ್ದಳು. ಚೀಲವಿರಲಿಲ್ಲ. "ಥೂ, ಇದೂ ಗಂಡೇ," ಎಂದಿದ್ದಳು. ಅದನ್ನು ಕೇಳಿಸಿಕೊಂಡ ಅಪ್ಪ, "ಅಂತೂ ಮನೆಗೆ ಒಬ್ಬ ಅಳಿಯ ಬಂದ," ಎಂದು ನಕ್ಕಿದ್ದ. ಮದುವೆ ಬೇಡವೆಂದು ಕೂತ ಮಗಳನ್ನು ಚುಚ್ಚಲು ಅವನಿಗೆ ಸಿಕ್ಕ ಸೂಜಿ ಅದೊಂದೇ. ಒಂಬತ್ತು ವರ್ಷದಿಂದ ಅದು ಮೊಂಡಾಗಿರಲಿಲ್ಲ.

ಮಿಡತೆ ಹಾಕಿದರೆ ಜೇಡ ಮುಟ್ಟಲಿಲ್ಲ. ಬಿಲದ ಬಾಯಿಗೆ ಬಲೆ ನೇಯ್ದುಕೊಂಡು ಒಳಗೇ ಇತ್ತು.

"ಅಲ್ಲ ಮಗಳೇ, ಒಂದು ಮಾತು," ಎಂದ ಅಪ್ಪ. "ಗಂಡು ಜೇಡ ದೊಡ್ಡದಾದ ಮೇಲೆ ಒಂದು ವರ್ಷ ಬದುಕಿದ್ರೆ ಹೆಚ್ಚು ಅಂತ ನೀನೇ ಹೇಳ್ತಿದ್ದೆ. ಇವರು ನೋಡಿದ್ರೆ ವರ್ಷ ವರ್ಷ ಹೊಸ ಬಟ್ಟೆ ಹಾಕ್ಕೊಂಡು ದಪ್ಪ ಆಗ್ತಾನೇ ಇದ್ದಾರೆ. ಇವರು ದೊಡ್ಡವರಾಗೋದು ಯಾವಾಗ?"

"ಬೆಟ್ಟದ ಮೇಲೆ ಚಳಿ ಅಪ್ಪಾ. ಅಲ್ಲಿಯ ಗಂಡುಗಳು ನಿಧಾನಕ್ಕೆ ಬೆಳೀತವೆ. ಅದರ ಮೇಲೆ ನಾನು ಲೇಖನಾನೇ ಬರೆದಿದ್ದೀನಿ."

"ಬೆಟ್ಟದಲ್ಲಿ ಚಳಿ ಸರಿ. ಇಲ್ಲಿ ಅಡುಗೆಮನೆ ಪಕ್ಕ ಎಂಥ ಚಳಿ?"

"ಅಪ್ಪಾ, ನಿಮಗೆ ಗೊತ್ತಾಗಲ್ಲ. ಸುಮ್ನಿರಿ."

ಅಪ್ಪ ಮತ್ತೆ ಕೈಗಡಿಯಾರದ ಕಡೆ ತಿರುಗಿದ. ಅವನಿಗೆ ಗೊತ್ತಾಗಲಿಲ್ಲ ಎನ್ನುವುದು ನಿಜ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಲೇಖನವನ್ನು ನಾಲ್ಕಾರು ಜನ ಮೆಚ್ಚಿದ್ದರು. ಮೆಚ್ಚಿದ ಮೇಲೆ ಅದನ್ನು ಅನುಮಾನಿಸುವ ಮನಸ್ಸು ಯಾರಿಗೆ ಬರುತ್ತದೆ?

ಮುಂದಿನ ಹತ್ತು ದಿನ ಅವಳು ಮನುಷ್ಯರಂತೆ ಇರಲಿಲ್ಲ. ಸಂಪಾದಕರಿಗೆ ಪತ್ರ ಬರೆದಳು, ಅಳಿಸಿದಳು. ಸಮಿತಿಯ ಕಚೇರಿಗೆ ಫೋನು ಮಾಡಿದಳು. ಒಬ್ಬ ಇನ್ನೊಬ್ಬನ ಕಡೆ ತೋರಿಸಿದ, ಇನ್ನೊಬ್ಬ ಊಟಕ್ಕೆ ಹೋಗಿದ್ದ. ಬೇರೆ ಊರುಗಳ ಸಂಗ್ರಹಾಲಯಗಳಿಗೆ, 'ನಿಮ್ಮ ಕಪಾಟಿನಲ್ಲಿ ಆ ಬೆಟ್ಟದ ಹೆಣ್ಣು ಜೇಡವೇನಾದರೂ ಇದೆಯೇ' ಎಂದು ಕೇಳಿದಳು. ಇಲ್ಲ, ಇಲ್ಲ, ಇಲ್ಲ. ಅಪ್ಪನ ಮೇಲೆ ರೇಗಿದಳು, ಸೂಕ್ಷ್ಮದರ್ಶಕದ ದೀಪದ ಮೇಲೆ ರೇಗಿದಳು, ಕಿಟಕಿಯಲ್ಲಿ ಕಂಡ ಯಾರದೋ ಹೊಸ ಬೂಟಿನ ಮೇಲೂ ರೇಗಿದಳು. ಇಷ್ಟು ವರ್ಷ ಕತ್ತೆಯಂತೆ ದುಡಿದದ್ದು ಒಂದು ಚೀಲಕ್ಕಾಗಿ, ಸಾಸಿವೆಗಿಂತ ಚಿಕ್ಕ ಚೀಲಕ್ಕಾಗಿ ಹಾಳಾಗುತ್ತಿದೆಯಲ್ಲ ಎಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಆಯಿತು.

ಹನ್ನೊಂದನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅಪ್ಪನ ಕೂಗು ಕೇಳಿಸಿತು.

"ಬೇಗ ಬಾರೇ! ಅಳಿಯಂದ್ರು ಏನೋ ಉಂಡೆ ಕಟ್ಟಿದ್ದಾರೆ!"

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದಳು. ಗಾಜಿನ ಪೆಟ್ಟಿಗೆಯಲ್ಲಿ ಬಿಲದ ಬಾಯಿ ತೆರೆದಿತ್ತು. ಜೇಡ ಹೊರಗೆ ಬಂದು ಕೂತಿತ್ತು. ಅದರ ಮುಂಗಾಲುಗಳ ನಡುವೆ, ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ ಬಿಳಿಯ ರೇಷ್ಮೆಯ ಉಂಡೆ. ಅದನ್ನು ಜೇಡ ತಬ್ಬಿ ಹಿಡಿದಿತ್ತು.

ಮೊಟ್ಟೆಯ ಚೀಲ.

ಗಂಡಿನ ಮುಖವನ್ನೇ ನೋಡದ ಹೆಣ್ಣು ಜೇಡ ಅಪರೂಪಕ್ಕೆ ಬರಿ ಮೊಟ್ಟೆ ಇಡುವುದುಂಟು. ಅವು ಮರಿಯಾಗುವುದಿಲ್ಲ. ಆದರೆ ಗಂಡು, ಅಪ್ರಾಪ್ತವಾಗಲಿ ಪ್ರಾಪ್ತವಾಗಲಿ, ಇಡೀ ಲೋಕದಲ್ಲಿ ಯಾವತ್ತೂ ಮೊಟ್ಟೆ ಇಟ್ಟಿದ್ದಿಲ್ಲ.

ಅವಳು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಳು. ಪೇಸ್ಟಿನ ನೊರೆ ಗಲ್ಲದಿಂದ ಇಳಿಯುತ್ತಿತ್ತು.

"ಏನೇ ಅದು? ಕಾಯಿಲೆನಾ?" ಅಪ್ಪನಿಗೆ ಗಾಬರಿ.

"ಹೆಣ್ಣು ಅಪ್ಪಾ. ಇದು ಹೆಣ್ಣು. ಮೊಟ್ಟೆ ಇಟ್ಟಿದೆ."

ಅಪ್ಪ ಜೇಡವನ್ನು ನೋಡಿದ, ಮಗಳನ್ನು ನೋಡಿದ. "ಅಯ್ಯೋ, ಒಂಬತ್ತು ವರ್ಷ ಅಳಿಯ ಅಳಿಯ ಅಂತ ಮರ್ಯಾದೆ ಕೊಟ್ಟೆನಲ್ಲೇ! ಇದು ನಿನ್ನ ತಂಗಿ!" ಎಂದ. ಅವಳು ನಗಲಿಲ್ಲವೆಂದು ಕಂಡು ಪಕ್ಕದಲ್ಲಿ ಕೂತ. "ಮತ್ತೆ ಚೀಲ ಇಲ್ಲ ಅಂತಿದ್ದೆ?"

"ಇಲ್ಲ. ಒಂದು ಪೊರೆಯಲ್ಲೂ ಇರಲಿಲ್ಲ."

"ಚೀಲ ಇಲ್ಲದ ಹೆಣ್ಣು ಇರಬಾರದಾ? ನೋಡು, ಮೊದಲನೇ ಸಲ ನನ್ನ ಅಂಗಡಿಗೆ ಬ್ಯಾಟರಿ ಗಡಿಯಾರ ಬಂದಾಗ..."

"ಅಪ್ಪಾ, ದಮ್ಮಯ್ಯ, ಆ ಕಥೆ ಬೇಡ."

ಆ ಕಥೆಯನ್ನು ಅವಳು ನೂರು ಸಲ ಕೇಳಿದ್ದಳು. ಗಡಿಯಾರ ಎಂದರೆ ಒಳಗೆ ಸ್ಪ್ರಿಂಗ್ ಇರಲೇಬೇಕೆಂದು ನಂಬಿದ್ದ ಅಪ್ಪ ಅರ್ಧ ದಿನ ಹುಡುಕಿ, ಯಾರೋ ಸ್ಪ್ರಿಂಗ್ ಕದ್ದಿದ್ದಾರೆಂದು ಗಿರಾಕಿಯ ಜೊತೆ ಜಗಳವಾಡಿದ ಕಥೆ. ನೂರು ಸಲವೂ ನಕ್ಕಿದ್ದಳು. ಅದು ತನ್ನ ಕಥೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಚೀಲವಿಲ್ಲದಿರುವುದೇ ಈ ಜೇಡದ ಗುರುತು! ಅವಳು ಕಂಡ ಬೇರೆ ಎಲ್ಲ ಟರಂಟುಲಾಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣ ಒಂಬತ್ತು ವರ್ಷ ಅವಳ ಕಣ್ಣ ಮುಂದೆಯೇ ಇತ್ತು. ತಾರೀಖು ಬರೆದ ಲಕೋಟೆಗಳಲ್ಲಿ ಪೊರೆಗಳನ್ನು ಮಡಿಸಿಟ್ಟವಳು ಅವಳೇ. ಸಂಪಾದಕರು ಮೂರು ಸಲ ಕೇಳಿದ ಹೆಣ್ಣು ಒಂದಲ್ಲ, ಎಂಟಿದ್ದವು.

ಎರಡು ದಿನ ಬಿಟ್ಟರೆ ಜೇಡ ಆ ಬರಿ ಮೊಟ್ಟೆಗಳನ್ನು ತಾನೇ ತಿಂದುಬಿಡುತ್ತದೆ. ಅವಳು ಎಲ್ಲ ಕಡೆಯಿಂದ ಫೋಟೋ ತೆಗೆದಳು. ಬಾಯಿ ತೊಳೆಯುವುದನ್ನೂ ಮರೆತು ಸಂಗ್ರಹಾಲಯಕ್ಕೆ ಹೊರಟಳು. ಅಪ್ಪ ಬಾಗಿಲಲ್ಲಿ ಅಡ್ಡ ಬಂದು ತನ್ನ ಭೂತಗನ್ನಡಿಯನ್ನು ಅವಳ ಕೈಗೆ ಹಾಕಿದ. "ನಿನ್ನ ಮಿಷನ್ನು ಏನು ತೋರಿಸುತ್ತೋ ಗೊತ್ತಿಲ್ಲ. ಇದರಲ್ಲೂ ಒಂದ್ಸಲ ನೋಡು," ಎಂದ. ಅದರ ಅಗತ್ಯವೇನೂ ಇರಲಿಲ್ಲ. ಆದರೂ ತೆಗೆದುಕೊಂಡಳು.

ಏಳು ಜಾಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇಷ್ಟು ವರ್ಷ ಅವಳು ಚೀಲವಿರಬೇಕಾದ ಜಾಗವನ್ನಷ್ಟೇ ಬಿಡಿಸಿ ನೋಡಿ, ಉಳಿದದ್ದನ್ನು ಮುಟ್ಟದೆ ಮುಚ್ಚಿಟ್ಟಿದ್ದಳು. ಈಗ ಎಲ್ಲಕ್ಕಿಂತ ದೊಡ್ಡ ಜೇಡದ ಹೊಟ್ಟೆಯನ್ನು ಸಣ್ಣ ಕತ್ತರಿಯಿಂದ ಪಕ್ಕದಲ್ಲಿ ಬಿಡಿಸಿದಳು. ಒಳಗೆ ಒತ್ತಾಗಿ, ಹಳದಿಯಾಗಿ, ಸಾಬೂದಾನಿಯಂತೆ ಮೊಟ್ಟೆಗಳು ತುಂಬಿದ್ದವು. ಸೂಕ್ಷ್ಮದರ್ಶಕವೇ ಬೇಕಿರಲಿಲ್ಲ. ಅಪ್ಪನ ಭೂತಗನ್ನಡಿಯೂ ಬೇಕಿರಲಿಲ್ಲ. ಬರಿಗಣ್ಣಿಗೆ ಕಾಣುತ್ತಿತ್ತು.

ತನ್ನ ಮೇಲೆಯೇ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಮೇಲಿನ ಮಹಡಿಯ ಕಾವಲುಗಾರ ಇಣುಕಿ ನೋಡಿ ಹೋದ.

ಬಿಲಗಳು ಯಾವ ಯಾವ ಎತ್ತರದಲ್ಲಿದ್ದವೆಂದು ಬರೆಯಲು ಹಳೆಯ ಟಿಪ್ಪಣಿ ಪುಸ್ತಕ ಬೇಕಾಯಿತು. ಒಂಬತ್ತು ವರ್ಷದ ಹಿಂದಿನ ಪುಟ ತಿರುಗಿಸುತ್ತಿದ್ದವಳ ಕೈ ಒಂದು ಸಾಲಿನ ಮೇಲೆ ನಿಂತಿತು. ಅದನ್ನು ಬರೆದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಬೆಟ್ಟ ಹತ್ತುವಾಗ ಅವಳ ಸಾಮಾನು ಹೊರುವ ಹೇಸರಗತ್ತೆಯ ಯಜಮಾನ ದಾರಿಯ ಮೊದಲ ತಿರುವಿನಲ್ಲಿ ನಿಂತು, ಪಕ್ಕದಲ್ಲಿ ಗೋಡೆಯಂತೆ ನಿಂತ ಮಣ್ಣಿನ ದರೆಯಲ್ಲಿದ್ದ ಬಿಲವೊಂದನ್ನು ಕೋಲಿನಿಂದ ತೋರಿಸಿದ್ದ.

"ಇದು ನಮ್ಮ ತಿರುವಿನ ಅಜ್ಜಿ ಮೇಡಂ. ನನ್ನ ಮದುವೆಗೆ ಮುಂಚಿನಿಂದ ಇದೇ ತೂತಲ್ಲಿ ಇದ್ದಾಳೆ. ನಮ್ಮ ಹುಡುಗರೆಲ್ಲ ಹೋಗ್ತಾ ಬರ್ತಾ, ಅಜ್ಜಿ ಹೇಗಿದ್ದೀಯ ಅಂತಾರೆ."

"ಅದು ಗಂಡು ಇರಬಹುದು. ನೋಡದೆ ಹೇಳಕ್ಕಾಗಲ್ಲ."

"ಗಂಡು ಅಲ್ಲ ಮೇಡಂ, ಹೆಣ್ಣೇ. ಗಂಡುಗಳು ಮಳೆ ಬಿದ್ದ ಕೂಡ್ಲೇ ಮನೆ ಬಿಟ್ಟು ಅಲೀತವೆ. ಒಂದೂ ವಾಪಸ್ ಬರಲ್ಲ. ಇವಳು ಬಾಗಿಲು ದಾಟಿದ್ದನ್ನೇ ನಾನು ನೋಡಿಲ್ಲ."

"ಕಣ್ಣಿಗೆ ಕಂಡದ್ದೆಲ್ಲ ಸಾಕ್ಷಿ ಆಗಲ್ಲಪ್ಪಾ," ಎಂದು ಅವಳು ನಕ್ಕು ಮುಂದೆ ಹೋಗಿದ್ದಳು. ಅಜ್ಜಿಯನ್ನು ಹಿಡಿಯುವ ಗೋಜಿಗೂ ಹೋಗಿರಲಿಲ್ಲ. ಆ ಸಂಜೆ ಪುಸ್ತಕದಲ್ಲಿ ಬರೆದಿದ್ದಳು: ಮೊದಲ ತಿರುವಿನ ಬಿಲದ ಜೇಡವನ್ನು ಸ್ಥಳೀಯರು ಅಜ್ಜಿ ಎನ್ನುತ್ತಾರೆ. ಹೆಣ್ಣು ಎನ್ನಲು ಆಧಾರವಿಲ್ಲ.

ಆಧಾರವಿಲ್ಲ ಎನ್ನುವುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು.

ನಾಲ್ಕು ದಿನದಲ್ಲಿ ಪ್ರಬಂಧವನ್ನು ಮತ್ತೆ ಬರೆದಳು. ಉಳಿದದ್ದೆಲ್ಲ ಸರಾಗವಾಗಿ ಬಂತು, ಒಂದು ವಾಕ್ಯ ಮಾತ್ರ ಅರ್ಧ ದಿನ ತಿಂದಿತು: ಈ ಹೆಣ್ಣುಗಳನ್ನು ಲೇಖಕಿ ಈ ಮೊದಲು ಅಪ್ರಾಪ್ತ ಗಂಡುಗಳೆಂದು ತಪ್ಪಾಗಿ ಗುರುತಿಸಿದ್ದಳು, ಗಂಡುಗಳ ನಿಧಾನ ಬೆಳವಣಿಗೆಯ ಕುರಿತು ಆಕೆ ಬರೆದ ಲೇಖನವೂ ತಪ್ಪು. 'ಲೇಖಕಿ' ಎಂದು ಬರೆದರೆ ಬೇರೆ ಯಾರದೋ ತಪ್ಪಿನಂತೆ ಕಾಣುತ್ತದೆಂದು ಅನಿಸಿ, ಅಳಿಸಿ, 'ನಾನು' ಎಂದು ಬರೆದಳು. ಸಂಪಾದಕರು ಎಂದೂ ಇಲ್ಲದವರು ಈ ಸಲ ಒಂಬತ್ತೇ ದಿನಕ್ಕೆ ಒಪ್ಪಿಗೆ ಕಳಿಸಿದರು. ತಿಂಗಳು ಮುಗಿಯಲು ಎರಡು ದಿನ ಉಳಿದಿರುವಾಗ ನಿರ್ದೇಶಕರು ಜೇಡದ ಹೊಸ ಹೆಸರನ್ನು ಸಮಿತಿಗೆ ಒಯ್ದು ಕೊಟ್ಟರು. ಸಂಜೆ ಅವರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದದ್ದನ್ನು ಕಚೇರಿಯೆಲ್ಲ ನೋಡಿತು.

"ಇಳಿಜಾರಲ್ಲಿ ಕೆಲಸ ನಿಲ್ಲಿಸಿದ್ದಾರೆ! ಬೇರೆ ಕಡೆಯಿಂದ ದಾರಿ ನೋಡ್ತಾರಂತೆ!"

ಅವರ ಕೈ ಕುಲುಕಿ, ಅವರು ಹೋದ ಮೇಲೆ, ಅವಳು ಹೇಸರಗತ್ತೆಯವನಿಗೆ ಫೋನು ಮಾಡಿದಳು. ಈ ಸುದ್ದಿಯನ್ನು ಮೊದಲು ಅವನಿಗೇ ಹೇಳಬೇಕು ಎನಿಸಿತ್ತು.

"ನಿಂತಿರೋದು ನಿಜ ಮೇಡಂ," ಎಂದ ಅವನು. "ಮಿಷನ್ನು ಮಧ್ಯಾಹ್ನ ವಾಪಸ್ ಹೋಯ್ತು. ದೊಡ್ಡ ಉಪಕಾರ ಆಯ್ತು."

"ಮತ್ತೆ ಅಜ್ಜಿ? ತಿರುವಿನ ಅಜ್ಜಿ ಹೇಗಿದ್ದಾಳೆ?"

ಆ ಕಡೆಯಿಂದ ಹೇಸರಗತ್ತೆಯ ಕೊರಳ ಗಂಟೆಯ ಸದ್ದು ಕೇಳಿಸಿತು.

"ಅಜ್ಜಿ ಹೋದ್ಲು ಮೇಡಂ. ಮಿಷನ್ನು ಮೇಲೆ ಹತ್ತಬೇಕಲ್ಲ, ಅದಕ್ಕೆ ಹೋದ ವಾರಾನೇ ಮೊದಲನೇ ತಿರುವು ಅಗಲ ಮಾಡಿದ್ರು. ನಾನು ಸಂತೆಗೆ ಹೋಗಿದ್ದೆ. ಬಂದು ನೋಡಿದ್ರೆ ದರೆನೇ ಇಲ್ಲ. ಮಣ್ಣಲ್ಲಿ ತುಂಬಾ ಹುಡುಕಿದೆ."

"ಅಯ್ಯೋ, ನನಗೆ ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಸಿಟ್ಟು, ದುಃಖ ಎರಡೂ ಒಟ್ಟಿಗೇ ಬಂದವು. "ಹೆಣ್ಣು ಅಂತ ಗೊತ್ತಿದ್ದಿದ್ರೆ ಈ ಕೆಲಸ ಎಂಟು ವರ್ಷದ ಹಿಂದೆಯೇ ಮುಗೀತಿತ್ತು!"

"ಹೇಳಿದ್ದೆನಲ್ಲ ಮೇಡಂ," ಎಂದ ಅವನು, ಆಕ್ಷೇಪಣೆಯೇನೂ ಇಲ್ಲದೆ. "ನೀವು ಪುಸ್ತಕದಲ್ಲಿ ಬರ್ಕೊಂಡಿದ್ರಿ."

ಕಿಟಕಿಯಲ್ಲಿ ಯಾರದೋ ಚಪ್ಪಲಿಗಳು ನಿಧಾನಕ್ಕೆ ದಾಟಿ ಹೋದವು. ಅವಳು ಒಂದು ಕಾಗದ ಎಳೆದುಕೊಂಡು ಕೇಳಿದಳು, "ನಿಮ್ಮ ಪೂರ್ತಿ ಹೆಸರೇನು?"

"ಯಾಕೆ ಮೇಡಂ? ನನ್ನ ಮೇಲೆ ಏನಾದ್ರೂ ಕಂಪ್ಲೇಂಟಾ?"

"ಇಲ್ಲ ಇಲ್ಲ. ಒಂದು ಕಡೆ ಬರೀಬೇಕು."

ಹತ್ತು ವರ್ಷ ತನ್ನ ಸಾಮಾನು ಹೊತ್ತವನ ಹೆಸರನ್ನು ಅವಳು ಅದೇ ಮೊದಲ ಸಲ ಕೇಳಿದ್ದು. ಅವನು ಹೇಳಿದ. ಇನ್ನೊಮ್ಮೆ ಹೇಳಿಸಿಕೊಂಡು, ಸರಿಯಾಗಿ ಬರೆದುಕೊಂಡಳು.

ಫೋನು ಇಟ್ಟು, ಆಲ್ಕೋಹಾಲಿನಲ್ಲಿ ಅಳಿಯದ ಶಾಯಿಯ ಪೆನ್ನು ತೆಗೆದು, ಏಳು ಹೊಸ ಚೀಟಿ ಕತ್ತರಿಸಿದಳು. ಹೊಸ ಹೆಸರು ಬರೆದಳು. ಹೆಣ್ಣು ಎಂದು ಬರೆದಳು. 'ಗುರುತಿಸಿದವರು' ಎಂಬಲ್ಲಿ ಕೈ ತನ್ನ ಹೆಸರಿನ ಮೊದಲ ಅಕ್ಷರಕ್ಕೆ ತಾನಾಗಿಯೇ ಹೋಯಿತು. ತಡೆದಳು. ಹೇಸರಗತ್ತೆಯವನ ಪೂರ್ತಿ ಹೆಸರನ್ನೇ ಬರೆದು, ಮುಂದೆ ಟಿಪ್ಪಣಿ ಪುಸ್ತಕದಲ್ಲಿದ್ದ ಒಂಬತ್ತು ವರ್ಷ ಹಳೆಯ ತಾರೀಖನ್ನು ಹಾಕಿದಳು.

ಒಂದೊಂದೇ ಜಾಡಿಯ ಮುಚ್ಚಳ ತೆರೆದು ಚೀಟಿಗಳನ್ನು ಇಳಿಬಿಟ್ಟಳು. ಅವು ನಿಧಾನಕ್ಕೆ ಇಳಿದು, 'ಅಪ್ರಾಪ್ತ ಗಂಡು' ಎಂಬ ಅವಳ ಮುತ್ತಿನಂಥ ಅಕ್ಷರಗಳ ಪಕ್ಕದಲ್ಲಿ ನಿಂತವು. ಮುಂದೆ ಯಾರೋ ಒಬ್ಬರು, ಬೇಸರದ ಒಂದು ಮಧ್ಯಾಹ್ನ, ಈ ಜಾಡಿ ಇಳಿಸಿ ಎರಡೂ ಚೀಟಿ ಓದಿ ನಗುತ್ತಾರೆ. ನಗಲಿ. ಅಜ್ಜಿಗೆಂದು ಒಂದು ಜಾಡಿಯೂ ಇರಲಿಲ್ಲ. ಆದ್ದರಿಂದ ಅವಳು ಟಿಪ್ಪಣಿ ಪುಸ್ತಕವನ್ನು ಮತ್ತೆ ತೆರೆದಳು. ಎರಡು ಗೆರೆ ಎಳೆದಿದ್ದ ಆ ಸಾಲನ್ನು ಹೊಡೆದು ಹಾಕದೆ, ಅದರ ಕೆಳಗೆ ಹೆಣ್ಣು ಎಂದೇ ಬರೆದ ಎಂಟನೆಯ ಚೀಟಿಯನ್ನು ಅಂಟಿಸಿದಳು.